ಠೇವಣಿ

ಮೂರು ಸಲ ನಿಂತರು ಹಮ್ಮಣ್ಣ ಮಾಸ್ತರು,
ಮೂರು ಸಲವೂ ಠೇವಣಿ ಹೋಯಿತು.
ವಹಿಯಲ್ಲಿ ಬರೆದಿಟ್ಟಿದ್ದಾರೆ ಅದನ್ನೂ:
‘ಠೇವಣಿ ಇನ್ನೂರೈವತ್ತು. ಚಹಾ ನಾಲ್ಕಾಣೆ.’

ಅಂಕೋಲೆಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆ.
ಏಣಿ ಹತ್ತಿ ಬರುವರು ಆಗರದ ಹೆಂಗಸರು,
ಬಿರಿದ ಅಂಗಾಲು ತೋರಿಸಿ ಸೋಮಿ ಕೇಳಿದ್ದಳಂತೆ:
‘ಉಪ್ಪು ತಿಂದವ ನೀರು ಕುಡೀತ.
ನಮ್ಮನ್ನ ಉಪ್ಪೇ ತಿಂದದೆ ಮಾಸ್ತರೆ,
ನಾವೇನು ಕುಡಿಯೂದು?’

ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ.
ಹತ್ತೊಂಬತ್ತು ದಿನದ ಮುಷ್ಕರ,
ಮೂಟೆಗೆ ಒಂದಾಣೆ ಹೆಚ್ಚು,
ಕಾರವಾರದ ಜೈಲಿನಲ್ಲಿ ಏಳು ತಿಂಗಳು
ಗೋಡೆಯಾಚೆ ಕಡಲು,
ಕೇಳುವುದಕ್ಕೆ ಮಾತ್ರ.

ಅರವತ್ತನಾಲ್ಕರಲ್ಲಿ ಪಕ್ಷ ಒಡೆಯಿತು.
ಜೈಲಿನ ಜೊತೆಗಾರ ಸಾಂತಾನ್
ಎದುರು ಮಹಡಿ ಬಾಡಿಗೆಗೆ ಹಿಡಿದ.
ಎರಡು ಕಿಟಕಿ, ನಡುವೆ ಒಂದು ಗಟಾರ,
ಹದಿನೈದು ವರ್ಷ ಮಾತಿಲ್ಲ.
ಬಂಗಡೆ ಅಗ್ಗವಾದ ದಿನ ಮಾತ್ರ
ಅತ್ತಣಿಂದ ಒಂದು ಪೊಟ್ಟಣ
ಹುಡುಗನೊಬ್ಬನ ಕೈಯಲ್ಲಿ, ಹೆಸರಿಲ್ಲದೆ.
ಆ ಹುಡುಗ ನಾನು.

ಮಾಸ್ತರು ಹೋದ ಬೆಳಿಗ್ಗೆ
ತನ್ನ ಬಾವುಟ ಮಡಚಿ ತಂದ ಸಾಂತಾನ್.
ನಮ್ಮವರು ಬಿಡಲಿಲ್ಲ.
ತೆನೆಯೋ ಸುತ್ತಿಗೆಯೋ,
ಹೆಣದ ಮುಂದೆಯೇ ವಾದ,
ಒಬ್ಬರು ಠರಾವಿನ ತಾರೀಖು ಹೇಳಿದರು.
ಸೋಮಿ ಎರಡನ್ನೂ ಬಿಡಿಸಿ ನೋಡಿದಳು, ಮುದುಕಿ,
ಕಣ್ಣಿಗೆ ತೀರ ಹತ್ತಿರ ಹಿಡಿದು:
‘ಎರಡ್ರಲ್ಲೂ ಕತ್ತಿ ಅದೆ.
ಯಾವುದಾರೂ ಹೊದ್ಸಿ, ಬೇಗ.
ಭರತ ಏರೂಕೆ ಮುಂಚೆ ನಾ ತೂಬು ತೆಗೀಬೇಕು.’

ಎರಡೂ ಹೊದಿಸಿದೆವು.

ವಹಿ ಈಗ ನನ್ನ ಬಳಿ ಇದೆ.
ಕೊನೆಯ ಪುಟದಲ್ಲಿ ಪೆನ್ಸಿಲಿನ ಮಾಸಲು ಅಕ್ಷರ:
‘ಬಂಗಡೆ, ಲೆಕ್ಕವಿಟ್ಟಿಲ್ಲ.
ಬಾಕಿ. ಎದುರು ಮಹಡಿಗೆ.’