ಬಂಡಿದಾರಿ

ವಾಟ್ನಿ ಪತ್ರದಾಗ ಎಲ್ಲಾ ಬರದಾರ.
ಬಾವಿ ನೀರು ಯಾವ ವಾರ ಯಾರಿಗೆ,
ಬೇವಿನ ಗಿಡದ ನೆರಳು ಯಾರ ಹೊಲದಾಗ ಬಿದ್ದರೂ
ಕಟ್ಟಿಗಿ ಯಾರಿಗೆ,
ಒಡದ ಒರಳಿಗೆ ಸೈತ ಹನ್ನೆರಡಾಣೆ ಕಿಮ್ಮತ್ತು,
ಕೊಡ್ಲಿ ಒಂದು, ಹಿರೇಮಗನ ಪಾಲಿಗೆ.
ಹಾದಿ ಮಾತ್ರ ಬರದಿಲ್ಲ.
ಅರವತ್ತೆಂಟನೇ ಇಸವಿ. ಮೂವರು ಅಣ್ಣತಮ್ಮರು
ಒಂದೇ ಕಂಬಳಿ ಮ್ಯಾಲ ಕೂತು ಹೆಬ್ಬಟ್ಟು ಒತ್ತೂವಾಗ
ನಡಿಯೂದನ್ನ ಯಾರರೆ ಬರಸ್ತಾರೇನು?

ನಮ್ಮಪ್ಪಗ ಬಂದದ್ದು ನಟ್ಟನಡುವಿನ ತುಂಡು.
ಮುಂದ ದೊಡ್ಡಪ್ಪ ಸಿದಗೊಂಡನ ಜ್ವಾಳ.
ಎಡಕ್ಕ ಕಾಕಾ ಮಾರಿದ ಹೊಲ,
ಈಗಲ್ಲಿ ಎಂಟು ಫೂಟಿನ ಕಂಪೌಂಡ ಗೋಡಿ.
ಬಲಕ್ಕ ಹಳ್ಳ.
ಹಿಂದ…
ಹಿಂದಿಂದು ಆಮ್ಯಾಲ ಹೇಳತೀನಿ.

ನಾಕೆಕರೆ ಹನ್ನೊಂದು ಗುಂಟೆ, ಇನ್ನೂರಾ ಹತ್ತು ನಿಂಬಿ ಗಿಡ.
ಅಪ್ಪ ಹ್ವಾದ ವರ್ಷ ಉತಾರಿಗೆ ನನ್ನ ಹೆಸರು ಏರಿತು.
ಅದೇ ವರ್ಷ ದೊಡ್ಡಪ್ಪನ ಮಗ ಸಾಯಬಣ್ಣ
ಮುಳ್ಳುತಂತಿ ಎಳದ.
"ನೀ ಬಾ ತಂಗಿ, ಚಾ ಕುಡಿ,
ನಿನಗ ಯಾರು ಬ್ಯಾಡ ಅಂದಾರ?
ಟ್ರ್ಯಾಕ್ಟರ್ ಬ್ಯಾಡ."

ಸಾವಿರ ಹಣ್ಣಿಗೆ ಒಂದು ಡಾಗು.
ಒಂದು ಡಾಗು ಎರಡು ತಲಿಗೆ ಹಂಚಿ
ಹಳ್ಳದ ಉಸುಕಿನಾಗ ಹೆಜ್ಜಿ ಕಿತ್ತಿ ಕಿತ್ತಿ ಇಟ್ಟು
ಡಾಂಬರಿಗೆ ಹತ್ತೂದ್ರಾಗ
ಗಾಡಿ ಹೋಗಿರತಿತ್ತು, ವಿಜಾಪುರದಾಗ ಸವಾಲು ಮುಗದಿರತಿತ್ತು.
ಹಸರು ಹೊತ್ತು ಹೋಗಿ
ಹಳದಿ ಮಾರಿ ಬಂದೀನಿ, ಅದೆಷ್ಟೋ ಸರತಿ.

ಇಂಡಿ ಕಚೇರಿ, ಮೂರನೇ ಕಿಡಕಿ.
"ಮೊದಲ ಹೆಂಗ ಹೋಗತಿದ್ರಿ?"
"ನಡಕೊಂತ ರೀ."
"ಅದಕ್ಕ ಆಧಾರ?"
ನಾ ನನ್ನ ಕಾಲು ನೋಡಿಕೊಂಡೆ.

ಆಧಾರ ಅಂದ್ರ ಮಂದಿ ಅಂದ್ರು ವಕೀಲರು.
ಬಂಡಿ ಹೊಡದವ್ರು, ಬಿತ್ತಲಿಕ್ಕೆ ಬಂದವ್ರು,
ಆ ಹಾದಿ ಮುಂಚಿನಿಂದ ಅದ ಅನ್ನವ್ರು.
ಒಂದೊಂದೇ ಬಾಗಿಲಾ ಬಡದೆ.
ಒಬ್ಬಗ ಸಾಯಬಣ್ಣನ ಸಾಲ ಇತ್ತು,
ಒಬ್ಬಗ ಮರವು.
ದೊಡ್ಡವ್ವ ಎಲಿ ಅಡಿಕಿ ಕುಟ್ಟಿಕೋತ ಕೂತಿದ್ಳು:
"ನನ್ನ ದಿಬ್ಬಣ ಬಂದದ್ದೂ ಅದೇ ಹಾದೀಲೆ, ಯವ್ವಾ.
ಖರೆ, ಮಗನ ಎದರಿಗೆ
ನನ್ನ ಬಾಯಿಲೆ ಹೇಳಸಬ್ಯಾಡ."
ಹೇಳಸಲಿಲ್ಲ.

ಭೂಮಾಪಕ ಕಟ್ಟಿಮನಿಯವರು ಹಳೇ ನಕಾಶೆ ಬಿಚ್ಚಿದರು.
ಅರಿವಿಗೆ ಅಂಟಿಸಿದ್ದು, ಮಡಿಕಿದಲ್ಲೆಲ್ಲಾ ಹರದದ್ದು.
"ಇಲ್ಲಿ ನೋಡ್ರಿ, ಎರಡು ತುಂಡು ಗೆರಿ. ಬಂಡಿದಾರಿ."
ಬೆರಳು ಇಟ್ಟು ಹಿಂಬಾಲಿಸಿದೆ.
ಗೆರಿ ಸಾಯಬಣ್ಣನ ಹೊಲಾ ದಾಟಿತು,
ನಮ್ಮ ಬಾಂದಗಲ್ಲಿಗೆ ಬಂತು,
ಬಂದು
ನಿಲ್ಲಲಿಲ್ಲ.
ನಮ್ಮ ನಿಂಬಿ ಸಾಲಿನ ನಡುವ ಹಾದು ಹಿಂದಿನ ಹೊಲಕ್ಕ ಹೋತು.

ಹಿಂದಿನ ಹೊಲ ಲಾಡ್ಲೇಸಾಬನದು.
ನಮ್ಮಪ್ಪ ಆ ಗಿಡಾ ಹಚ್ಚಿ ಇಪ್ಪತ್ತು ವರ್ಷ.
ಇಪ್ಪತ್ತು ವರ್ಷ ಅಂವ ಹಳ್ಳಾ ಸುತ್ತು ಹಾಕಿ ಬಂದಾನ,
ಧೋತರಾ ಮೊಣಕಾಲ ಮ್ಯಾಲ ಕಟ್ಟಿ,
ಹೆಗಲ ಮ್ಯಾಲ ನೇಗಿಲು.
ನೋಡೀನಿ. ಯಾಕಂತ ಕೇಳಿಲ್ಲ.
ಸಾಕ್ಷಿಗೆ ಕರದಾಗ
ಎಲ್ಲಾರಕಿಂತ ಮೊದಲ ಬಂದಾವ ಅವನೇ.
"ಹೌದ್ರಿ ಸಾಹೇಬ್ರ, ಬಂಡಿ ಹೋಗತಿತ್ತು" ಅಂದ,
ಎಲ್ಲಿತನಕ ಅಂತ ಅವರೂ ಕೇಳಲಿಲ್ಲ,
ಅಂವನೂ ಹೇಳಲಿಲ್ಲ.

ಹನ್ನೆರಡು ಫೂಟು ಅಗಲ. ಯಾರೂ ತಡಿಯಬಾರದು.
ಕೆಳಗ ದುಂಡನ ಶಿಕ್ಕಾ.
ಸಾಯಬಣ್ಣ ತಂತಿ ಸುರುಳಿ ಸುತ್ತಿದ, ನನ್ನ ಮಾರಿ ನೋಡಲಿಲ್ಲ.
ಈಗ ಟ್ರ್ಯಾಕ್ಟರ್ ಬರತದ.
ಚಾ ನಿಂತದ.

ಹದಿನಾರು ಗಿಡ ದಾರ್ಯಾಗ ಬರತಾವ.
"ಈ ಸುಗ್ಗಿ ಮುಗೀಲಿ" ಅಂದೆ ಲಾಡ್ಲೇಸಾಬಗ.
"ಆಗಲಿ ಅಕ್ಕಾರ" ಅಂದ.
ಹಂಗ ಅಂದು ಎರಡು ಸುಗ್ಗಿ ಆದವು.

ನಿನ್ನಿ ಬುಡಕ್ಕ ಸುಣ್ಣಾ ಹಚ್ಚೀನಿ,
ಕಡಿಯೂವು ಯಾವ್ಯಾವು ಅಂತ ಗುರ್ತಿಗೆ.
ಕೊಡ್ಲಿ ಸಾಯಬಣ್ಣನ ಮನ್ಯಾಗ ಅದ.
ಹೋಗಿ ಕೇಳಬೇಕು.