ಸಾಕು

ಗ್ದಾನ್ಸ್ಕ್‌ನ ಹಡಗುಕಟ್ಟೆಯ ಹಿಂಬದಿ, ಹಿಂದೊಮ್ಮೆ
ಕಲ್ಲಿದ್ದಲು ತುಂಬಿಡುತ್ತಿದ್ದ ನೆಲಮಾಳಿಗೆ.
ಗುರುವಾರ ಸಂಜೆ ಆರಕ್ಕೆ ಅಲ್ಲಿ ನಾವು ಹನ್ನೊಂದು ಮಂದಿ,
ಗೂಟದಲ್ಲಿ ಒದ್ದೆ ಕೋಟುಗಳು, ಮೇಜಿನ ಮೇಲೆ ಎಲೆಗಳು.

ನನಗೆ ಐವತ್ತಮೂರು. ಹಗಲೆಲ್ಲ ಔಷಧಿ ಅಂಗಡಿಯಲ್ಲಿ
ಎಷ್ಟು ಚಮಚ, ಊಟಕ್ಕೆ ಮೊದಲೋ ಆಮೇಲೋ,
ಹೇಳಿ ಹೇಳಿ ನಾಲಗೆ ಸವೆದವಳು.
ಎದುರಿಗೆ ಝೆಮೋವಿತ್: ಹದಿನಾರು ತುಂಬಿಲ್ಲ,
ಉಗುರಲ್ಲಿ ಸೈಕಲ್ ಚೈನಿನ ಮಸಿ.

ಹದಿನೈದು ಜೀವ ಉಳಿದಿರುವಾಗ ಇಳಿಸಿದ
ಕರಿಯ ಸೂಲಗಿತ್ತಿಯನ್ನು.

ಬಲ್ಲವರಿಗೆ ಗೊತ್ತು ಅವಳ ಕರಾರು:
ಕಟ್ಟಿನ ಮೇಲಿನ ಎಲೆ ಮಗುಚು. ಅದು ನಿನ್ನದು.
ಅದರ ಮೂಲೆಯ ಅಂಕಿಯಷ್ಟು ರಕ್ತ ಅವಳದು.
ಬೇಕಾದರೆ ಇನ್ನೊಂದು. ಬೇಕಾದರೆ ಮತ್ತೊಂದು.
ನಿಲ್ಲಿಸು ಅಂತ ಅವಳು ಹೇಳುವುದಿಲ್ಲ,
ಆ ಒಂದು ಮಾತನ್ನು ನಿನ್ನ ಬಾಯಿಗೇ ಬಿಟ್ಟಿದ್ದಾಳೆ.

ಎರಡು. ಹದಿಮೂರಕ್ಕೆ ಇಳಿದ.
ಸೊನ್ನೆ; ಪುಕ್ಕಟೆ, ಯಾರೋ ಶಿಳ್ಳೆ ಹಾಕಿದರು.
ನಾಲ್ಕು.
ಒಂದು.
ಮೂರು.
ಇಪ್ಪತ್ತು ಮುಖದ ದಾಳವನ್ನು ಐದಕ್ಕೆ ತಿರುಗಿಸಿಟ್ಟ,
ಮಲಗಿದ ಕೂಸಿನ ಮಗ್ಗುಲು ಬದಲಿಸುವ ಹಾಗೆ.
ಕೈತುಂಬ ಎಲೆ, ಬೇಕಾದ ಎಲೆ ಮಾತ್ರ ಇಲ್ಲ.
ಕಟ್ಟಿನಲ್ಲಿ ಇನ್ನೂ ಎರಡು ಆರು ಅಡಗಿವೆಯೆಂದು
ಅವನಿಗೂ ಗೊತ್ತು, ನನಗೂ ಗೊತ್ತು,
ಬೆನ್ನ ಹಿಂದೆ ಬಿಯರು ಹಿಡಿದು ನಿಂತ
ಬೆಸುಗೆಯ ಬೊಗುಸ್ವಾವನಿಗೂ ಗೊತ್ತು.

ಬೆರಳು ಎಲೆಯ ಅಂಚಿಗೆ ತಾಗಿತು.
ಹುಲಿ ಸಾಕಿದವನಿಗೆ ಸಾಕು ಅನ್ನಲು ಬರಬೇಕು.
ಬಂತು ಅವನಿಗೆ. "ಸಾಕು" ಅಂದ.

ಮರುಸುತ್ತಿನಲ್ಲಿ ಸೋತ. ಅದೂ ಯಾರ ಕೈಲಿ,
ನನ್ನ ಐದು ಬಡಪಾಯಿ ಅಳಿಲು, ತಲೆಗೊಂದು ಕಚ್ಚು.
ಕೈ ಕುಲುಕಿದ. ಆ ಮೇಲಿನ ಎಲೆಯನ್ನು ನೋಡದೆ
ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟ.

ನೋಡಲಿಲ್ಲ! ನಾನು ಟ್ರಾಮಿನಲ್ಲಿ, ಮನೆಯ ಮೆಟ್ಟಿಲಲ್ಲಿ,
ಹಲ್ಲುಜ್ಜುವಾಗ ಬಾಯಲ್ಲಿ ನೊರೆ ಇಟ್ಟುಕೊಂಡು
ಅದೇ ಎಲೆಯನ್ನು ಮಗುಚಿದೆ.
ಒಮ್ಮೆ ಆರು. ಒಮ್ಮೆ ಅವನಿಗೆ ಬೇಕಿದ್ದ ಕಂಚಿನ ಗಂಟೆ.
ಒಮ್ಮೆ, ಯಾಕೋ, ಖಾಲಿ.

ಶನಿವಾರ ಹೋಗಿ ನಲವತ್ತು ಝ್ಲೋಟಿ ಕೊಟ್ಟು
ಸೂಲಗಿತ್ತಿಯನ್ನು ಕೊಂಡೆ, ಮೂಲೆ ಮುಕ್ಕಾದವಳು.
ಒಂದು ಅಳಿಲು ತೆಗೆದು ಅವಳಿಗೆ ಜಾಗ ಮಾಡಿದೆ.

ಮುಂದಿನ ಗುರುವಾರ, ಹನ್ನೆರಡು ಜೀವ:
ಒಂದು. ಐದು. ಸೊನ್ನೆ. ಎರಡು.
ಉಳಿದದ್ದು ನಾಲ್ಕು. ಕೈಯಲ್ಲಿ ಗೆಲ್ಲುವಷ್ಟು ಇತ್ತು,
ಇತ್ತು, ಸುಳ್ಳು ಹೇಳುವುದಿಲ್ಲ.
ಮೂವತ್ತು ವರ್ಷ ಬೇರೆಯವರ ಸೀಸೆಗಳ ಮೇಲೆ
ಇಷ್ಟೇ, ಹೆಚ್ಚಲ್ಲ ಎಂದು ಬರೆದ ಕೈ
ಇನ್ನೊಂದನ್ನು ಮಗುಚಿತು.

ಆರು.

ಹುಡುಗ ನನ್ನ ಎಲೆಗಳನ್ನು ನೋಡಿದ, ಮುಖ ನೋಡಿದ.
"ಗೆದ್ದಿದ್ದಿರಲ್ಲ, ಯಾಕೆ ನಿಲ್ಲಿಸಲಿಲ್ಲ?"
ನಾನು ನಗುತ್ತಿದ್ದೆ, ಉತ್ತರ ಬರಲಿಲ್ಲ.
ಮೇಲೆ ರಸ್ತೆಯಲ್ಲಿ ಟ್ರಾಮು ಹಾದು
ದಾಳ ಸ್ವಲ್ಪ ಅಲುಗಿತು. ನಾಲ್ಕರಲ್ಲೇ ಇತ್ತು,
ನಾನಿನ್ನೂ ತಿರುಗಿಸಿರಲಿಲ್ಲ.