ಮೈನಸ್ ಒಂದು

ದುರ್ಗಿಗುಡಿಯ ಫೈನಾನ್ಸ್ ಆಫೀಸಿನಲ್ಲಿ
ಕಂಪ್ಯೂಟರು ನನ್ನನ್ನು ಹುಡುಕಿತು, ಸಿಗಲಿಲ್ಲ.
'ನಿಮ್ಮ ಸಿಬಿಲ್ಲು ಮೈನಸ್ ಒಂದು' ಎಂದ ಹುಡುಗ
ಪರದೆಯನ್ನು ನನ್ನ ಕಡೆ ತಿರುಗಿಸಿ.
ಸೊನ್ನೆಯಾದರೂ ಬೇಡವೇ?
ಇಪ್ಪತ್ಮೂರು ವರ್ಷ ಬದುಕಿ
ಸೊನ್ನೆಗಿಂತ ಒಂದು ಮೆಟ್ಟಿಲು ಕೆಳಗೆ.

'ತಪ್ಪೇನಿಲ್ಲ ಮೇಡಂ. ನೀವು ಸಾಲವನ್ನೇ ಮಾಡಿಲ್ಲ.
ಹಾಗಾಗಿ ತೀರಿಸ್ತೀರೋ ಇಲ್ವೋ ಗೊತ್ತಾಗಲ್ಲ.'
ಕೊರಳ ಪಟ್ಟಿಯಲ್ಲಿ ಅವನ ಹೆಸರಿತ್ತು: ಕುಬೇರಪ್ಪ.
ನಗು ತಡೆದುಕೊಂಡೆ. ಅವನಿಗೆ ತಿಳಿದುಹೋಯಿತು.
'ಅಜ್ಜನ ಹೆಸರು' ಎಂದ,
'ನನ್ನ ಬೈಕಿಂದೂ ಇನ್ನೂ ಹನ್ನೊಂದು ಕಂತಿದೆ.'

ಬೆಳಿಗ್ಗೆ ಐದೂವರೆಗೆ ನನ್ನ ಕೆಲಸ ಶುರು.
ಲ್ಯಾಬಿನ ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗಿ
ಬರಿ ಹೊಟ್ಟೆಯ ರಕ್ತ ತೆಗೆಯಬೇಕು.
ಸಕ್ಕರೆ ಕಾಯಿಲೆಯವರು ಬಾಗಿಲಲ್ಲೇ ಕಾಯುತ್ತಾರೆ,
ಒಳಗೆ ಡಿಕಾಕ್ಷನ್ ಇಳಿಯುತ್ತಿರುವ ಸಿಟ್ಟೆಲ್ಲ ನನ್ನ ಮೇಲೆ.
ಗೋಪಾಳ, ವಿನೋಬನಗರ, ಕೊನೆಗೆ ಹೊಳೆಯಾಚೆ ವಿದ್ಯಾನಗರ.
ಆ ಹೊತ್ತಿಗೆ ಸಿಟಿ ಬಸ್ಸಿಲ್ಲ, ಆಟೋ ಹತ್ತಿದರೆ
ಸೂಜಿಯ ದುಡ್ಡು ಮೀಟರಿನಲ್ಲೇ ಮುಗಿಯುತ್ತದೆ.
ನರ ಹುಡುಕುವುದು ನನಗೆ ಗೊತ್ತು.
ಮುದುಕಿಯರ ತೋಳಿನಲ್ಲಿ ಜಾರಿ ಜಾರಿ ತಪ್ಪಿಸಿಕೊಳ್ಳುವುದನ್ನು
ಹೆಬ್ಬೆರಳಲ್ಲಿ ಒತ್ತಿ ನಿಲ್ಲಿಸುತ್ತೇನೆ.
ನನ್ನದನ್ನು ಯಾರೂ ಹುಡುಕಿರಲಿಲ್ಲ, ಅಷ್ಟೆ.

ಶುಕ್ರವಾರ ಕುಬೇರಪ್ಪ ಸೀಗೆಹಟ್ಟಿಯ ನಮ್ಮ ವಠಾರಕ್ಕೆ ಬಂದ.
ಬಾಗಿಲಿನ ಫೋಟೋ, ಬಾಗಿಲ ಮುಂದೆ ನನ್ನ ಫೋಟೋ,
ಕರೆಂಟು ಬಿಲ್ಲಿನ ಫೋಟೋ (ಅದರಲ್ಲಿ ಇನ್ನೂ
ಸತ್ತುಹೋದ ಓನರಿನ ಹೆಸರೇ).
'ಅಕ್ಕಪಕ್ಕ ವಿಚಾರಿಸಬೇಕು, ರೂಲ್ಸು' ಎಂದ ನಾಚಿಕೊಂಡು.

ಮಹಡಿಯ ಟೈಲರ್ ರುದ್ರೋಜಿ ರಾವ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದರು:
'ಒಂದು ಲೋಟ ಸಕ್ಕರೆ ಒಯ್ದರೆ
ಮೇಲೆ ಬೆರಳು ಸವರಿ ಮಟ್ಟ ಮಾಡಿ ವಾಪಸು ತರ್ತಾಳೆ.
ಕಮ್ಮಿ ಇಲ್ಲ. ಹೆಚ್ಚೂ ಇಲ್ಲ. ಸ್ವಲ್ಪ ಜಿಪುಣಿ.'

ಖುರ್ಷಿದಾಬಿ ಕೈ ಒರೆಸಿಕೊಳ್ಳುತ್ತ ಬಂದರು:
'ನನ್ನ ಛತ್ರಿ ಒಯ್ದಿದ್ಲು, ಕಡ್ಡಿ ಮುರೀತು.
ಮುರೀತು ಅಂತ ತಾನೇ ಬಂದು ಹೇಳಿ ರಿಪೇರಿ ಮಾಡಿಸಿ ಕೊಟ್ಳು.
ನಮ್ಮ ಮನೆಯವರ ಆಪರೇಷನ್ನಿಗೆ ಇವಳಮ್ಮ
ಕಿವಿಯದು ಬಿಚ್ಚಿ ಕೊಟ್ಟಿದ್ದಾಳೆ.
ಅದನ್ನ ನಾನೇ ಇನ್ನೂ ಪೂರ್ತಿ ತೀರಿಸಿಲ್ಲ.
ಅದನ್ನೂ ಬರ್ಕೊ.'

ಕುಬೇರಪ್ಪನ ಫೋನಿನಲ್ಲಿ ಮೂರೇ ಚೌಕ:
ಒಳ್ಳೆಯದು, ಸಾಧಾರಣ, ಕೆಟ್ಟದು.
ಓಲೆ ಬರೆಯಲು ಜಾಗವಿರಲಿಲ್ಲ.
ಮೊದಲನೆಯದನ್ನು ಒತ್ತಿದ. ಖುರ್ಷಿದಾಬಿ ಚಹಾ ಕೊಟ್ಟರು.

ಎಂಬತ್ತೆರಡು ಸಾವಿರ. ಮೂವತ್ತಾರು ಕಂತು.
ಇಪ್ಪತ್ತೇಳು ಕಡೆ ಸಹಿ. ಹತ್ತನೆಯದರ ಹೊತ್ತಿಗೆ
ನನ್ನ ಹೆಸರು ಯಾರದೋ ಹೆಸರಿನಂತೆ ಕಂಡಿತು.
ನಾನು ಕೇಳದ ವಿಮೆಯೊಂದು ನಡುವೆ ಸೇರಿಕೊಂಡಿತ್ತು.
ಇದೇನು ಎಂದೆ.
'ಅದು ಇರುತ್ತೆ ಮೇಡಂ' ಎಂದ ಕುಬೇರಪ್ಪ,
ಆ ಒಂದು ಸಲ ಮಾತ್ರ ನನ್ನ ಮುಖ ನೋಡದೆ.
ನಾನೂ ಬಿಡಲಿಲ್ಲ. ತೆಗೆಸಿದೆ.
ಬೆರಳು ಸವರಿ ಮಟ್ಟ ಮಾಡಿದೆ.

ಆರ್‌ಸಿ ಕಾರ್ಡಿನಲ್ಲಿ ನನ್ನ ಹೆಸರು.
ಕೆಳಗೆ, ನನ್ನದಕ್ಕಿಂತ ಉದ್ದವಾಗಿ, ಅವರ ಹೆಸರು.
ಹದಿನೆಂಟು ಸಾವಿರ ಮುಂಗಡಕ್ಕೆ
ಮುಂದಿನ ಚಕ್ರ ನನ್ನದು ಅಂದುಕೊಂಡಿದ್ದೇನೆ.
ಮೊದಲ ಕಂತಿನಲ್ಲಿ ಬಡ್ಡಿಯೇ ಅರ್ಧಕ್ಕೆ ಹತ್ತಿರ,
ಉಳಿದದ್ದಕ್ಕೆ ಎಡಗಡೆ ಕನ್ನಡಿ.
ಬರುವ ತಿಂಗಳು ಬಲಗಡೆಯದು.
ಸೀಟು ಯಾವಾಗಲೋ. ಸದ್ಯಕ್ಕೆ
ಬೇರೆಯವರ ಸೀಟಿನ ಮೇಲೆ ಕೂತು
ತುಂಗೆಯ ಸೇತುವೆ ದಾಟುತ್ತೇನೆ,
ಚೀಲದೊಳಗೆ ಬೇರೆಯವರ ರಕ್ತ ತಣ್ಣಗೆ.

ವಿದ್ಯಾನಗರದ ಅಜ್ಜಿ ಕಿಟಕಿಯಿಂದ ನೋಡಿ ಕೇಳಿದರು,
'ಗಾಡಿ ನಿಂದೇನೇ?'
'ಒಂದು ಕನ್ನಡಿ ನಂದು ಅಜ್ಜಿ' ಎಂದೆ,
'ಎಲ್ಲಿ, ಮುಷ್ಟಿ ಬಿಗಿ ಹಿಡೀರಿ.'